ಸದ್ದಿನ ದಾಸ್ತಾನಿಗೂ ತಪಾಸಣೆ
ಆಟಗಳ ಉದ್ಯಮದಲ್ಲಿ ಧ್ವನಿ ಕಡತಗಳ ವಿವರ ಪರೀಕ್ಷೆ ಮತ್ತು ಸ್ವಯಂಚಾಲಿತ ಸಾಧನಗಳು

ಗೋದಾಮಿಗೆ ಬಂದಿಳಿಯುವ ಪ್ರತಿಯೊಂದು ಪೆಟ್ಟಿಗೆಯ ಮೇಲೂ ಒಂದು ಚೀಟಿ ಇರುತ್ತದೆ. ಒಳಗಿರುವ ಸರಕು ಯಾವುದು, ನಿವ್ವಳ ತೂಕವೆಷ್ಟು, ತಯಾರಿಸಿದವರು ಯಾರು, ಯಾವ ಬ್ಯಾಚಿನದು ಎಂಬ ವಿವರಗಳು ಅದರಲ್ಲಿರುತ್ತವೆ. ಪೆಟ್ಟಿಗೆಯನ್ನು ಒಡೆಯದೆಯೇ ದಾಸ್ತಾನು ಪುಸ್ತಕದಲ್ಲಿ ನಮೂದಿಸಿಕೊಳ್ಳಲು ಇದರಿಂದ ಅನುಕೂಲ. ಆದರೆ ಚೀಟಿಯನ್ನೇ ನಂಬಿ ತಕ್ಕಡಿಯನ್ನು ಮರೆತ ವ್ಯಾಪಾರಿ ಎಂದಾದರೊಂದು ದಿನ ನಷ್ಟಕ್ಕೆ ಗುರಿಯಾಗುತ್ತಾನೆ. ಗಣಕಯಂತ್ರ ಮತ್ತು ಮೊಬೈಲ್ ಆಟಗಳನ್ನು ತಯಾರಿಸುವ ಸಂಸ್ಥೆಗಳಿಗೆ ಇದೇ ಸಮಸ್ಯೆ ಧ್ವನಿ ಕಡತಗಳ ರೂಪದಲ್ಲಿ ಎದುರಾಗುತ್ತಿದೆ. ಅಲ್ಲಿಯೂ ಸರಕಿದೆ, ಚೀಟಿಯಿದೆ, ತೂಕದಲ್ಲಿ ವ್ಯತ್ಯಾಸವಿದೆ. ಕೆಲವೊಮ್ಮೆ ಪರರ ಮಾಲು ತನ್ನ ಗೋದಾಮಿನಲ್ಲಿ ಕುಳಿತಿರುವುದು ಮಾಲೀಕನಿಗೇ ತಿಳಿದಿರುವುದಿಲ್ಲ.

ಒಂದು ಸಾಧಾರಣ ಆಟದಲ್ಲಿಯೂ ನೂರಾರು ಸದ್ದುಗಳಿರುತ್ತವೆ. ಹೆಜ್ಜೆಯ ಸಪ್ಪಳ, ಬಾಗಿಲು ತೆರೆಯುವ ಕಿರುಗುಟ್ಟುವಿಕೆ, ಗುಂಡಿ ಒತ್ತಿದಾಗಿನ ಟಿಕ್ ಶಬ್ದ, ಹಿನ್ನೆಲೆ ಸಂಗೀತ, ಪಾತ್ರಗಳ ಮಾತು ಎಲ್ಲವೂ ಬೇರೆ ಬೇರೆ ಕಡತಗಳು. ಮಾತುಗಳನ್ನು ಹಲವು ಭಾಷೆಗಳಲ್ಲಿ ಒದಗಿಸಬೇಕಾದಾಗ ಲೆಕ್ಕ ಬೆಳೆಯುತ್ತದೆ. ಉದಾಹರಣೆಗೆ ಮೂರು ಸಾವಿರ ಸಂಭಾಷಣೆಗಳನ್ನು ಆರು ಭಾಷೆಗಳಲ್ಲಿ ಮುದ್ರಿಸಿಕೊಂಡರೆ ಹದಿನೆಂಟು ಸಾವಿರ ಕಡತಗಳಾದವು. ಒಬ್ಬ ನೌಕರ ಒಂದೊಂದಕ್ಕೆ ಒಂದೇ ನಿಮಿಷ ವ್ಯಯಿಸಿ ಪರೀಕ್ಷಿಸಿದರೂ ಮುನ್ನೂರು ಗಂಟೆ, ಅಂದರೆ ಎಂಟು ಗಂಟೆಯ ಮೂವತ್ತೇಳೂವರೆ ದಿನಗಳ ದುಡಿಮೆ. ಅಷ್ಟರಲ್ಲಿ ಕಡತಗಳ ಮುಂದಿನ ಆವೃತ್ತಿ ಬಂದಿರುತ್ತದೆ. ಯಂತ್ರದ ನೆರವು ಇಲ್ಲಿ ಅನಿವಾರ್ಯವಾಗುವುದು ಈ ಕಾರಣದಿಂದ.

ಈ ಎಲ್ಲ ಕಡತಗಳನ್ನು, ಚಿತ್ರಗಳನ್ನು ಹಾಗೂ ಆಟದ ನಿಯಮಗಳನ್ನು ಒಂದುಗೂಡಿಸಿ ನಡೆಸುವ ಮೂಲ ತಂತ್ರಾಂಶಕ್ಕೆ ಗೇಮ್ ಎಂಜಿನ್ ಎಂದು ಹೆಸರು. 1998ರಲ್ಲಿ ಮೊದಲು ಕಾಣಿಸಿಕೊಂಡ ಅನ್‌ರಿಯಲ್, 2005ರಲ್ಲಿ ಬಿಡುಗಡೆಯಾದ ಯೂನಿಟಿ, 2014ರಲ್ಲಿ ಮುಕ್ತ ಪರವಾನಗಿಯಡಿ ಸಾರ್ವಜನಿಕರಿಗೆ ದೊರೆತ ಗೋಡೋ ಇವುಗಳಲ್ಲಿ ಪ್ರಮುಖವಾದವು. ಕಾರ್ಖಾನೆಯ ಭಾಷೆಯಲ್ಲಿ ಹೇಳುವುದಾದರೆ ಎಂಜಿನ್ ಎಂಬುದು ಜೋಡಣಾ ವಿಭಾಗ. ಧ್ವನಿ ಕಡತ ಎಂಬುದು ಹೊರಗಿನಿಂದ ಬರುವ ಬಿಡಿಭಾಗ.

ಚೀಟಿಯಲ್ಲಿ ಏನಿದೆ?

ಧ್ವನಿ ಕಡತಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ವೇವ್ ಮಾದರಿಯನ್ನು ಮೈಕ್ರೋಸಾಫ್ಟ್ ಮತ್ತು ಐಬಿಎಂ ಸಂಸ್ಥೆಗಳು 1991ರಲ್ಲಿ ರೂಪಿಸಿದವು. ಇದರ ರಚನೆ ಖಾನೆಗಳಿರುವ ಕಪಾಟಿನಂತೆ. ಒಂದು ಖಾನೆಯಲ್ಲಿ ಧ್ವನಿಯ ಸ್ವರೂಪದ ವಿವರ, ಇನ್ನೊಂದರಲ್ಲಿ ಧ್ವನಿ, ಅಗತ್ಯವಿದ್ದರೆ ಮತ್ತೊಂದರಲ್ಲಿ ಹಕ್ಕುದಾರರ ಹೆಸರು, ದಿನಾಂಕ, ತಯಾರಿಸಿದ ತಂತ್ರಾಂಶದ ಹೆಸರು ಮುಂತಾದವು. ಧ್ವನಿಯನ್ನು ಹೊರತುಪಡಿಸಿ ಉಳಿದ ಈ ವಿವರಗಳೇ ಮೆಟಾಡೇಟಾ. ಯೂರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟವು 1997ರಲ್ಲಿ ಇದಕ್ಕೆ ಇನ್ನೊಂದು ಖಾನೆಯನ್ನು ಸೇರಿಸಿತು. ಅದರಲ್ಲಿ 256 ಅಕ್ಷರಗಳ ವಿವರಣೆ, 32 ಅಕ್ಷರಗಳಲ್ಲಿ ಮೂಲ ತಯಾರಕರ ಹೆಸರು, ಧ್ವನಿಮುದ್ರಣದ ದಿನಾಂಕ ಮತ್ತು ವೇಳೆಗಳಿಗೆ ನಿಗದಿತ ಸ್ಥಳವಿದೆ.

ಸ್ವರೂಪದ ಖಾನೆಯಲ್ಲಿ ಮುಖ್ಯವಾದ ಅಂಕಿಗಳು ಕೆಲವೇ. ಸೆಕೆಂಡಿಗೆ ಎಷ್ಟು ಬಾರಿ ಧ್ವನಿಯನ್ನು ಅಳೆಯಲಾಗಿದೆ, ಪ್ರತಿ ಅಳತೆಗೆ ಎಷ್ಟು ಬಿಟ್ ಬಳಕೆಯಾಗಿದೆ, ಚಾನಲ್ ಒಂದೋ ಎರಡೋ, ಸೆಕೆಂಡಿಗೆ ಒಟ್ಟು ಎಷ್ಟು ಬೈಟ್ ಎಂಬುದು. ಧ್ವನಿ ಸಿ.ಡಿ.ಯ ಮಟ್ಟದಲ್ಲಿ ಸೆಕೆಂಡಿಗೆ 44,100 ಅಳತೆ, 16 ಬಿಟ್ ಅಂದರೆ 2 ಬೈಟ್, ಎರಡು ಚಾನಲ್. ಗುಣಿಸಿದರೆ ಸೆಕೆಂಡಿಗೆ 1,76,400 ಬೈಟ್. ಒಂದು ನಿಮಿಷಕ್ಕೆ 1,05,84,000 ಬೈಟ್. ಬೀಜಕದಲ್ಲಿ ದರ, ಪ್ರಮಾಣ ಮತ್ತು ಮೊತ್ತ ಮೂರನ್ನೂ ಬರೆದಂತೆ, ಈ ಖಾನೆಯಲ್ಲಿಯೂ ಬಿಡಿ ಅಂಕಿಗಳ ಜೊತೆಗೆ ಗುಣಲಬ್ಧವನ್ನೂ ಬರೆದಿರುತ್ತಾರೆ. ಎರಡೂ ತಾಳೆಯಾಗದಿದ್ದರೆ ಕಡತ ಎಲ್ಲಿಯೋ ಕೆಟ್ಟಿದೆ ಎಂದೇ ಅರ್ಥ. ತಪಾಸಣಾ ಸಾಧನವು ಮಾಡುವ ಮೊದಲ ಕೆಲಸ ಈ ತಾಳೆ ನೋಡುವುದು.

ಅಂಕಿಗಳ ವ್ಯತ್ಯಾಸ ಹಣದ ವ್ಯತ್ಯಾಸವೂ ಹೌದು. ಸೆಕೆಂಡಿಗೆ 48,000 ಅಳತೆ, 24 ಬಿಟ್, ಎರಡು ಚಾನಲ್ ಇರುವ ಕಡತವು ಸೆಕೆಂಡಿಗೆ 2,88,000 ಬೈಟ್ ನುಂಗುತ್ತದೆ. ಅದೇ ಸದ್ದನ್ನು 22,050 ಅಳತೆ, 16 ಬಿಟ್, ಒಂದೇ ಚಾನಲ್‌ನಲ್ಲಿ ಇಟ್ಟರೆ 44,100 ಬೈಟ್ ಸಾಕು. ಆರೂವರೆ ಪಟ್ಟು ಅಂತರ! ಸಂಗೀತಕ್ಕೆ ಇಂತಹ ಕಡಿತ ಸಲ್ಲದು. ಆದರೆ ಮೊಬೈಲಿನ ಪುಟ್ಟ ಸ್ಪೀಕರಿನಿಂದ ಹೊರಡುವ ಅರೆ ಸೆಕೆಂಡಿನ ಮರದ ಸದ್ದಿಗೆ ಮೊದಲನೆಯ ದರ್ಜೆಯ ಭೋಗ ಬೇಕಿಲ್ಲ. ಅಲ್ಲದೆ ಆಟಗಾರನ ಎಡದಿಂದಲೋ ಬಲದಿಂದಲೋ ಕೇಳಿಸಬೇಕಾದ ಸದ್ದಿನ ದಿಕ್ಕನ್ನು ಎಂಜಿನ್ ತಾನೇ ಲೆಕ್ಕ ಹಾಕುವುದರಿಂದ ಮೂಲ ಕಡತದಲ್ಲಿ ಒಂದು ಚಾನಲ್ ಇದ್ದರೆ ಸಾಕಾಗುತ್ತದೆ.

ಎರಡನೆಯ ಚೀಟಿ

ಇಷ್ಟು ಮೂಲ ಕಡತದ ವಿಷಯ. ಎಂಜಿನ್ ಒಳಗೆ ಸೇರಿದ ಮೇಲೆ ಕಡತಕ್ಕೆ ಎರಡನೆಯ ಚೀಟಿಯೊಂದು ಅಂಟಿಕೊಳ್ಳುತ್ತದೆ. ಹೆಚ್ಚಿನ ನಷ್ಟಗಳು ಹುಟ್ಟುವುದು ಈ ಎರಡನೆಯ ಚೀಟಿಯಲ್ಲಿಯೇ. ಯೂನಿಟಿಯಲ್ಲಿ ಪ್ರತಿ ಕಡತದ ಪಕ್ಕದಲ್ಲಿ ಮೆಟಾ ಎಂಬ ಬಾಲವುಳ್ಳ ಸಣ್ಣ ಪಠ್ಯ ಕಡತ ಸೃಷ್ಟಿಯಾಗುತ್ತದೆ. ಅದರಲ್ಲಿ 32 ಅಕ್ಷರಗಳ ಗುರುತಿನ ಸಂಖ್ಯೆ ಮತ್ತು ಧ್ವನಿಯನ್ನು ಹೇಗೆ ಕುಗ್ಗಿಸಬೇಕು, ಹೇಗೆ ಮೆಮೊರಿಗೆ ತುಂಬಬೇಕು ಎಂಬ ಸೂಚನೆಗಳಿರುತ್ತವೆ. ಗೋಡೋ ಎಂಜಿನ್ನಿನಲ್ಲಿ ಇಂಪೋರ್ಟ್ ಎಂಬ ಬಾಲವುಳ್ಳ ಕಡತ ಇದೇ ಕಾರ್ಯ ನಿರ್ವಹಿಸುತ್ತದೆ. ಎರಡೂ ಸಾದಾ ಪಠ್ಯವಾದ್ದರಿಂದ ಎಂಜಿನ್ ತೆರೆಯದೆಯೇ ಇನ್ನೊಂದು ಪ್ರೋಗ್ರಾಂ ಅವನ್ನು ಓದಬಲ್ಲದು. ಈ ಒಂದು ಅನುಕೂಲದ ಮೇಲೆಯೇ ಅನೇಕ ತಪಾಸಣಾ ಸಾಧನಗಳು ನಿಂತಿವೆ.

ಯೂನಿಟಿಯಲ್ಲಿ ಧ್ವನಿಯನ್ನು ತುಂಬಲು ಮೂರು ಮಾರ್ಗಗಳಿವೆ. ಆಟ ತೆರೆದುಕೊಳ್ಳುವಾಗಲೇ ಕುಗ್ಗಿಸಿದ ಧ್ವನಿಯನ್ನು ಪೂರ್ತಿ ಬಿಚ್ಚಿ ಮೆಮೊರಿಯಲ್ಲಿ ಹರಡಿಕೊಳ್ಳುವುದು ಒಂದು. ಕುಗ್ಗಿದ ಸ್ಥಿತಿಯಲ್ಲಿಯೇ ಇಟ್ಟುಕೊಂಡು ನುಡಿಸುವಾಗ ಬಿಚ್ಚುವುದು ಇನ್ನೊಂದು. ಸಂಗ್ರಹದಿಂದ ಸ್ವಲ್ಪ ಸ್ವಲ್ಪವೇ ಹರಿಸಿಕೊಳ್ಳುವುದು ಮೂರನೆಯದು. ಮೊದಲ ಮಾರ್ಗದಲ್ಲಿ ನುಡಿಸುವಾಗ ಪ್ರೊಸೆಸರಿಗೆ ಶ್ರಮವಿಲ್ಲ, ಆದರೆ ವಾರ್ಬಿಸ್ ಮಾದರಿಯಲ್ಲಿ ಕುಗ್ಗಿಸಿದ ಧ್ವನಿಗೆ ಎರಡನೆಯ ಮಾರ್ಗಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚು ಮೆಮೊರಿ ಬೇಕಾಗುತ್ತದೆ ಎಂದು ಯೂನಿಟಿಯ ಕೈಪಿಡಿಯೇ ತಿಳಿಸುತ್ತದೆ. ಮೂರನೆಯ ಮಾರ್ಗದಲ್ಲಿ ಪ್ರತಿ ಧ್ವನಿಗೆ ಸುಮಾರು 200 ಕಿಲೋಬೈಟ್ ಖರ್ಚು ಕಟ್ಟಿಟ್ಟದ್ದು. ಆದ್ದರಿಂದ ಪುಟ್ಟ ಸದ್ದುಗಳಿಗೆ ಅದು ಲಾಭದಾಯಕವಲ್ಲ.

ಈಗ ಲೆಕ್ಕ ನೋಡಬಹುದು. ಮೂರು ನಿಮಿಷದ ಒಂದು ಹಿನ್ನೆಲೆ ಸಂಗೀತವನ್ನು ಸಿ.ಡಿ. ಮಟ್ಟದಲ್ಲಿ ಪೂರ್ತಿ ಬಿಚ್ಚಿದರೆ 3,17,52,000 ಬೈಟ್. ಅಂಥವು ಹತ್ತು ಏಕಕಾಲಕ್ಕೆ ಮೆಮೊರಿಯಲ್ಲಿ ಕುಳಿತರೆ ಮೂವತ್ತೊಂದು ಕೋಟಿ ಬೈಟ್ ಮೀರಿತು. ಎರಡು ಗಿಗಾಬೈಟ್ ಮೆಮೊರಿಯ ಅಗ್ಗದ ಮೊಬೈಲಿನಲ್ಲಿ ಕಾರ್ಯನಿರ್ವಹಣಾ ವ್ಯವಸ್ಥೆಗೇ ದೊಡ್ಡ ಪಾಲು ಸಲ್ಲುವುದರಿಂದ, ಹೀಗೆ ಉಬ್ಬಿದ ಆಟವನ್ನು ಆ ವ್ಯವಸ್ಥೆಯೇ ನಡುವೆ ಮುಚ್ಚಿಬಿಡುತ್ತದೆ. ಆಟಗಾರನಿಗೆ ಕಾಣುವುದು ‘ಆಟ ನಿಂತುಹೋಯಿತು’ ಎಂಬುದಷ್ಟೇ. ತಯಾರಕನಾದರೋ ದೋಷವನ್ನು ಚಿತ್ರಗಳಲ್ಲಿ, ಪ್ರೋಗ್ರಾಂ ಸಾಲುಗಳಲ್ಲಿ ವಾರಗಟ್ಟಲೆ ಹುಡುಕುತ್ತಾನೆ. ಸಂಗೀತದ ಕಡತವನ್ನು ಸೇರಿಸಿದವರು ತುಂಬುವ ಮಾರ್ಗವನ್ನು ಬದಲಿಸದೆ ಇದ್ದಂತೆಯೇ ಬಿಟ್ಟದ್ದು ಯಾರ ಕಣ್ಣಿಗೂ ಬಿದ್ದಿರುವುದಿಲ್ಲ.

ಆದರೂ ದೊಡ್ಡ ಕಡತಗಳೆಲ್ಲ ತಪ್ಪು ಎಂಬ ತೀರ್ಮಾನ ಅವಸರದ್ದಾದೀತು. 2014ರಲ್ಲಿ ಬಿಡುಗಡೆಯಾದ ಟೈಟನ್‌ಫಾಲ್ ಎಂಬ ಆಟದ ಗಣಕಯಂತ್ರ ಆವೃತ್ತಿಯು 48 ಗಿಗಾಬೈಟ್ ಸ್ಥಳವನ್ನು ಆಕ್ರಮಿಸುತ್ತಿತ್ತು. ಅದರಲ್ಲಿ ಸುಮಾರು 35 ಗಿಗಾಬೈಟ್ ಕುಗ್ಗಿಸದ ಧ್ವನಿಯೇ ಆಗಿತ್ತು. ಗ್ರಾಹಕರು ಗೊಣಗಿದರು. ಕಡಿಮೆ ಶಕ್ತಿಯ ಯಂತ್ರಗಳಲ್ಲಿ ಧ್ವನಿಯನ್ನು ಬಿಚ್ಚುವ ಕೆಲಸಕ್ಕೇ ಪ್ರೊಸೆಸರಿನ ಬಹುಪಾಲು ಸಾಮರ್ಥ್ಯ ಹೋಗಬಾರದೆಂದು ಬೇಕೆಂದೇ ಹೀಗೆ ಮಾಡಲಾಗಿದೆ ಎಂದು ಅದರ ತಂತ್ರಜ್ಞರು ವಿವರಿಸಿದರು. ಗೋದಾಮಿನ ಬಾಡಿಗೆ ಉಳಿಸುವುದೋ, ಯಂತ್ರದ ವಿದ್ಯುತ್ ಉಳಿಸುವುದೋ ಎಂಬ ಆಯ್ಕೆ ಇದು. ಎರಡರಲ್ಲಿ ಯಾವುದನ್ನೇ ಆರಿಸಿದರೂ ಅದು ತಿಳಿದು ಮಾಡಿದ ಆಯ್ಕೆಯಾಗಿರಬೇಕು ಮತ್ತು ಕಾಗದದ ಮೇಲಿರಬೇಕು. ತಪಾಸಣಾ ಸಾಧನದಲ್ಲಿ ವಿನಾಯಿತಿಗಳಿಗೆ ಪ್ರತ್ಯೇಕ ಪಟ್ಟಿ ಇರಬೇಕೆನ್ನುವುದು ಇದಕ್ಕಾಗಿ.

ಕಾವಲುಗಾರನನ್ನು ಎಲ್ಲಿ ನಿಲ್ಲಿಸುವುದು?

ತಪಾಸಣೆಯನ್ನು ಮೂರು ಬಾಗಿಲುಗಳಲ್ಲಿ ನಡೆಸಬಹುದು. ಮೊದಲನೆಯದು ಕಡತವು ಪೂರೈಕೆದಾರನಿಂದ ಬಂದ ಕ್ಷಣ. ಇಲ್ಲಿ ಎಂಜಿನ್ ಅಗತ್ಯವೇ ಇಲ್ಲ. 2000ದಲ್ಲಿ ಫಾಬ್ರೀಸ್ ಬೆಲ್ಲಾರ್ ಆರಂಭಿಸಿದ ಎಫ್‌ಎಫ್‌ಎಂಪೆಗ್ ಎಂಬ ಮುಕ್ತ ತಂತ್ರಾಂಶದ ಅಂಗವಾದ ಎಫ್‌ಎಫ್‌ಪ್ರೋಬ್, ಒಂದು ಕಡತವನ್ನು ಓದಿ ಅದರ ಎಲ್ಲ ವಿವರಗಳನ್ನು ಕ್ರಮಬದ್ಧ ಪಠ್ಯವಾಗಿ ಕೊಡುತ್ತದೆ. ಒಂದು ಫೋಲ್ಡರಿನಲ್ಲಿರುವ ಎಲ್ಲ ಕಡತಗಳ ಮೇಲೂ ಅದನ್ನು ಓಡಿಸಿ, ಬಂದ ಫಲಿತಾಂಶವನ್ನು ಎಕ್ಸೆಲ್ ಪಟ್ಟಿಯನ್ನಾಗಿ ಮಾರ್ಪಡಿಸುವುದು ಸಾಮಾನ್ಯ ಪ್ರೋಗ್ರಾಮರ್ ಮಾಡಬಲ್ಲ ಕೆಲಸ. ತಂತ್ರಾಂಶಕ್ಕೆ ಬೆಲೆ ತೆರಬೇಕಾಗಿಲ್ಲ.

ಎರಡನೆಯ ಬಾಗಿಲು ಎಂಜಿನ್ ಒಳಕ್ಕೆ ಪ್ರವೇಶಿಸುವ ಸ್ಥಳ. ಯೂನಿಟಿಯು ಪ್ರತಿ ಧ್ವನಿ ಕಡತವನ್ನು ಸೇರಿಸಿಕೊಳ್ಳುವ ಮೊದಲು ಮತ್ತು ನಂತರ, ಬಳಕೆದಾರರು ಬರೆದ ನಿಯಮಗಳನ್ನು ಚಲಾಯಿಸಲು ಅವಕಾಶ ಕೊಡುತ್ತದೆ. ‘ಸಂಗೀತ’ ಎಂಬ ಫೋಲ್ಡರಿಗೆ ಬಂದದ್ದಕ್ಕೆಲ್ಲ ಹರಿಸುವ ಮಾರ್ಗ, ‘ಹೆಜ್ಜೆ’ ಎಂಬ ಫೋಲ್ಡರಿಗೆ ಬಂದದ್ದಕ್ಕೆಲ್ಲ ಒಂದೇ ಚಾನಲ್ ಎಂದು ಒಮ್ಮೆ ಬರೆದಿಟ್ಟರೆ ಮುಂದೆ ಯಾರೂ ನೆನಪಿಟ್ಟುಕೊಳ್ಳಬೇಕಾಗಿಲ್ಲ. ಅನ್‌ರಿಯಲ್ ಎಂಜಿನ್ನಿನಲ್ಲಿಯೂ ದತ್ತಾಂಶ ಪರಿಶೀಲನೆಯ ವ್ಯವಸ್ಥೆಯಿದ್ದು, ಪೈಥಾನ್ ಭಾಷೆಯಲ್ಲಿ ಆದೇಶಗಳನ್ನು ಬರೆಯಬಹುದು. ಕೆನಡಾದ ಮಾಂಟ್ರಿಯಲ್‌ನ ಆಡಿಯೋಕೈನೆಟಿಕ್ ಸಂಸ್ಥೆಯ ವೈಸ್ ಎಂಬ ಧ್ವನಿ ತಂತ್ರಾಂಶ 2017ರಿಂದ ಹೊರಗಿನ ಪ್ರೋಗ್ರಾಂಗಳ ಪ್ರಶ್ನೆಗಳಿಗೆ ಉತ್ತರಿಸುವ ದ್ವಾರವನ್ನು ತೆರೆದಿದೆ.

ಮೂರನೆಯ ಬಾಗಿಲು ಆಟವನ್ನು ಒಟ್ಟಾಗಿ ಕಟ್ಟುವ ಸರ್ವರ್. ನಿಯಮ ಮುರಿದ ಕಡತ ಸಿಕ್ಕಿದರೆ ಅಲ್ಲಿ ಕಟ್ಟುವ ಕೆಲಸವೇ ನಿಲ್ಲುತ್ತದೆ. ಇದು ಕಠಿಣವಾದ ಕ್ರಮ. ಸಂಸ್ಥೆಗಳು ಎಡವುವುದೂ ಇಲ್ಲಿಯೇ. ಹಳೆಯ ಯೋಜನೆಯೊಂದಕ್ಕೆ ಇಪ್ಪತ್ತು ನಿಯಮಗಳನ್ನು ಒಮ್ಮೆಲೇ ಹೇರಿದರೆ ಮೊದಲ ದಿನವೇ ನಾನೂರು ಆಕ್ಷೇಪಗಳ ಪಟ್ಟಿ ಹೊರಬೀಳುತ್ತದೆ. ನಾಲ್ಕನೆಯ ದಿನ ಅದನ್ನು ಯಾರೂ ಓದುವುದಿಲ್ಲ, ವಾರ ಕಳೆಯುವಷ್ಟರಲ್ಲಿ ಯಾರೋ ಸಾಧನವನ್ನೇ ಆರಿಸಿರುತ್ತಾರೆ. ಕೆಟ್ಟ ಕಡತ, ಮಿತಿಮೀರಿದ ಮೆಮೊರಿ, ಪರವಾನಗಿ ಇಲ್ಲದ ಧ್ವನಿ ಈ ಎರಡು ಮೂರು ವಿಷಯಗಳಿಗೆ ಮಾತ್ರ ಕೆಲಸ ನಿಲ್ಲಿಸಿ, ಉಳಿದವುಗಳಿಗೆ ಎಚ್ಚರಿಕೆಯಷ್ಟೇ ಕೊಡುವುದು ಲೇಸು.

ತಕ್ಕಡಿಯ ಕೆಲಸ

ಚೀಟಿಯನ್ನು ಓದುವುದರಿಂದ ತಿಳಿಯದ ಸಂಗತಿಗಳೂ ಇವೆ. ಎರಡು ಚಾನಲ್ ಎಂದು ಬರೆದಿರುತ್ತದೆ. ಬಿಚ್ಚಿ ನೋಡಿದರೆ ಎರಡರಲ್ಲಿಯೂ ಒಂದೇ ಧ್ವನಿಯ ನಕಲು. 24 ಬಿಟ್ ಎಂದಿರುತ್ತದೆ. ಕೊನೆಯ ಎಂಟು ಬಿಟ್‌ಗಳು ಬರಿಯ ಸೊನ್ನೆ. 48,000 ಎಂದಿರುತ್ತದೆ, ಧ್ವನಿಯನ್ನು ಮೊದಲು 22,050ರಲ್ಲಿ ಮುದ್ರಿಸಿ ಆಮೇಲೆ ಹಿಗ್ಗಿಸಿರುತ್ತಾರೆ. ಚೀಟಿ ಸುಳ್ಳಲ್ಲ, ಸರಕು ಮಾತ್ರ ಅದಕ್ಕೆ ಸಮನಲ್ಲ. ಹಾಲಿಗೆ ನೀರು ಬೆರೆತಂತಹ ಇವುಗಳನ್ನು ಹಿಡಿಯಲು ಸಾಧನವು ಧ್ವನಿಯ ಅಳತೆಗಳನ್ನೇ ಪರೀಕ್ಷಿಸಬೇಕು. ಎರಡು ಚಾನಲ್‌ಗಳನ್ನು ಒಂದರಿಂದೊಂದು ಕಳೆದಾಗ ಶೇಷ ಸೊನ್ನೆ ಬಂದರೆ ನಕಲು ಎಂಬುದು ಸ್ಪಷ್ಟ. ಆರಂಭದಲ್ಲಿ, ಕೊನೆಯಲ್ಲಿ ಉಳಿದ ಮೌನವನ್ನು ಅಳೆಯುವುದೂ ಇದೇ ಬಗೆಯ ಕೆಲಸ. ಗುಂಡಿ ಒತ್ತಿದ ಕಾಲು ಸೆಕೆಂಡಿನ ಮೇಲೆ ಟಿಕ್ ಎಂದರೆ ಆಟಗಾರನು ದೂಷಿಸುವುದು ಮೊಬೈಲನ್ನಲ್ಲ, ಆಟವನ್ನು.

ಸದ್ದಿನ ಜೋರನ್ನು ಅಳೆಯಲು ಒಪ್ಪಿತ ಮಾನಗಳಿವೆ. ಯೂರೋಪಿನ ಪ್ರಸಾರ ಒಕ್ಕೂಟವು 2010ರಲ್ಲಿ ದೂರದರ್ಶನ ಮತ್ತು ಬಾನುಲಿಗೆ ಋಣ 23 ಲಫ್ಸ್ ಎಂಬ ಮಟ್ಟವನ್ನು ಶಿಫಾರಸು ಮಾಡಿತು. ಎಫ್‌ಎಫ್‌ಎಂಪೆಗ್ ಈ ಅಳತೆಯನ್ನೂ ಮಾಡಬಲ್ಲದು. ಒಂದೇ ಪಾತ್ರದ ಐನೂರು ಮಾತುಗಳಲ್ಲಿ ಹತ್ತು ಮಾತು ಮಾತ್ರ ಮೆತ್ತಗಿದ್ದರೆ ಈ ಅಂಕಿ ಕೂಡಲೇ ಬೊಟ್ಟು ಮಾಡಿ ತೋರಿಸುತ್ತದೆ. ಆದರೆ ಆ ಹತ್ತು ಮಾತುಗಳು ಪಿಸುಗುಟ್ಟಬೇಕಾದವೇ ಎಂಬುದು ಅಂಕಿಗೆ ತಿಳಿಯದು. ನಟ ತಪ್ಪಾಗಿ ಉಚ್ಚರಿಸಿದ್ದಾನೆಯೇ, ನಾಯಿ ಬೊಗಳಬೇಕಾದಲ್ಲಿ ಕಡತದ ಹೆಸರು ಅದಲುಬದಲಾಗಿ ಬೆಕ್ಕು ಕೂಗಿದೆಯೇ ಎಂಬುದಕ್ಕೆ ಕಿವಿಯೇ ಬೇಕು. ಸಾವಿರಾರು ಕಡತಗಳ ಪೈಕಿ ಅನುಮಾನಾಸ್ಪದವಾದ ಕೆಲವನ್ನು ಬೇರ್ಪಡಿಸಿ ಕಿವಿಯುಳ್ಳವರ ಮುಂದಿಡುವುದಷ್ಟೇ ಯಂತ್ರದ ಪಾಲು.

ಯಾರ ಸ್ವತ್ತು?

ತೂಕಕ್ಕಿಂತ ಗಂಭೀರವಾದದ್ದು ಒಡೆತನದ ಪ್ರಶ್ನೆ. 2004ರಲ್ಲಿ ಜರ್ಮನಿಯ ಗಣಕಯಂತ್ರ ಪತ್ರಿಕೆಯೊಂದು ಕುತೂಹಲಕರ ಸಂಗತಿಯನ್ನು ಬಯಲಿಗೆಳೆಯಿತು. ವಿಂಡೋಸ್ ಎಕ್ಸ್‌ಪಿಯೊಡನೆ ಬರುತ್ತಿದ್ದ ಪರಿಚಯ ಕಾರ್ಯಕ್ರಮದ ಕೆಲವು ವೇವ್ ಕಡತಗಳನ್ನು ಸಾದಾ ಪಠ್ಯ ತಂತ್ರಾಂಶದಲ್ಲಿ ತೆರೆದಾಗ, ವಿವರಗಳ ಖಾನೆಯಲ್ಲಿ ಸೌಂಡ್ ಫೋರ್ಜ್ 4.5 ಎಂಬ ತಂತ್ರಾಂಶದ ಹೆಸರೂ, ಅದರ ಕಳ್ಳಪ್ರತಿಗಳೊಡನೆ ತಳಕು ಹಾಕಿಕೊಂಡಿದ್ದ ಒಂದು ಗುಪ್ತನಾಮವೂ ಕಾಣಿಸಿಕೊಂಡವು. ಆ ಕಡತಗಳನ್ನು ಯಾರು, ಎಲ್ಲಿ ಸಂಪಾದಿಸಿದರು ಎಂಬುದು ಅಷ್ಟರಿಂದಲೇ ರುಜುವಾತಾಗುವುದಿಲ್ಲ. ಆದರೆ ಜಗತ್ತಿನ ಅತಿದೊಡ್ಡ ತಂತ್ರಾಂಶ ಸಂಸ್ಥೆಯ ಕೋಟ್ಯಂತರ ಪ್ರತಿಗಳೊಡನೆ ಆ ಚೀಟಿ ಪ್ರಯಾಣ ಮಾಡಿತು. ತಡೆಯಲು ಒಂದು ನಿಮಿಷದ ತಪಾಸಣೆ ಸಾಕಾಗಿತ್ತು.

ಪರವಾನಗಿಯ ಅವಧಿ ಇನ್ನೊಂದು ತೊಡಕು. 2010ರಲ್ಲಿ ಬಂದ ಅಲನ್ ವೇಕ್ ಎಂಬ ಜನಪ್ರಿಯ ಆಟವನ್ನು, ಅದರೊಳಗಿನ ಹಾಡುಗಳ ಪರವಾನಗಿ ಮುಗಿದ ಕಾರಣ 2017ರ ಮೇ ತಿಂಗಳಿನಲ್ಲಿ ಅಂತರ್ಜಾಲ ಮಳಿಗೆಗಳಿಂದ ತೆಗೆಯಬೇಕಾಯಿತು. ಹಕ್ಕುಗಳ ಮಾತುಕತೆ ಕುದುರಿ ಅದು ಮತ್ತೆ ಮಾರಾಟಕ್ಕೆ ಬಂದದ್ದು 2018ರ ಅಕ್ಟೋಬರಿನಲ್ಲಿ. ಗ್ರ್ಯಾಂಡ್ ಥೆಫ್ಟ್ ಆಟೋ 4 ಬಿಡುಗಡೆಯಾಗಿ ಹತ್ತು ವರ್ಷ ತುಂಬಿದ 2018ರಲ್ಲಿ ಅದರ ಬಾನುಲಿ ಕೇಂದ್ರಗಳ ಅನೇಕ ಹಾಡುಗಳನ್ನು ಇದೇ ಕಾರಣಕ್ಕೆ ಕಳಚಲಾಯಿತು. ಹಣ ಕೊಟ್ಟು ಕೊಂಡವರ ಪ್ರತಿಯಿಂದಲೂ ಅವು ಮರೆಯಾದವು. ದೊಡ್ಡ ಸಂಸ್ಥೆಗಳು ಇಂತಹ ಪೆಟ್ಟನ್ನು ತಾಳಿಕೊಳ್ಳಬಹುದು. ಒಂದೇ ಆಟವನ್ನು ನಂಬಿ ನಿಂತಿರುವ ಐದಾರು ಜನರ ಸಂಸ್ಥೆಗೆ ಹದಿನೇಳು ತಿಂಗಳ ಮಾರಾಟ ನಿಂತರೆ ಬಾಗಿಲು ಹಾಕುವುದೊಂದೇ ದಾರಿ.

ಇಲ್ಲಿ ಒಂದು ತಾಂತ್ರಿಕ ಸೂಕ್ಷ್ಮವನ್ನು ಗಮನಿಸಬೇಕು. ಮೂಲ ಕಡತದಲ್ಲಿ ಹಕ್ಕುದಾರರ ಹೆಸರನ್ನು ಎಷ್ಟೇ ಎಚ್ಚರಿಕೆಯಿಂದ ನಮೂದಿಸಿದ್ದರೂ, ಎಂಜಿನ್ ಅದನ್ನು ತನ್ನ ಮಾದರಿಗೆ ಪರಿವರ್ತಿಸುವಾಗ ಆ ನಮೂದು ಸಾಮಾನ್ಯವಾಗಿ ಉಳಿಯುವುದಿಲ್ಲ. ನಡುವೆ ಬೇರೆ ತಂತ್ರಾಂಶದಿಂದ ಕಡತವನ್ನು ಮರುರೂಪಿಸಿದರೆ ಹಳೆಯ ತಯಾರಕ ತಂತ್ರಾಂಶದ ಹೆಸರು ಹೋಗಿ ಹೊಸದರ ಹೆಸರು ಬರುತ್ತದೆ. ಆದ್ದರಿಂದ ಪರವಾನಗಿಯ ವಹಿಯನ್ನು ಹೊರಗೆ ಪ್ರತ್ಯೇಕವಾಗಿ ಇಟ್ಟು, ಪ್ರತಿ ನಮೂದನ್ನೂ ಎಂಜಿನ್ ಕೊಟ್ಟ ಗುರುತಿನ ಸಂಖ್ಯೆಗೆ ಮತ್ತು ಮೂಲ ಕಡತದ ಹ್ಯಾಶ್ ಮೊತ್ತಕ್ಕೆ ಜೋಡಿಸುವುದು ರೂಢಿಯಲ್ಲಿದೆ. ಹ್ಯಾಶ್ ಎಂದರೆ ಕಡತದ ಬೆರಳಚ್ಚು. ಒಳಗಿನ ಒಂದೇ ಒಂದು ಬೈಟ್ ಬದಲಾದರೂ ಅದು ಬದಲಾಗುತ್ತದೆ. ಯೂನಿಟಿಯ ಮೆಟಾ ಕಡತದಲ್ಲಿ ಬಳಕೆದಾರರ ಟಿಪ್ಪಣಿಗೆಂದೇ ಒಂದು ಸ್ಥಳವಿದ್ದು, ವಹಿಯ ಕ್ರಮಸಂಖ್ಯೆಯನ್ನು ಅಲ್ಲಿ ಬರೆಯಬಹುದು. ವಹಿಯಲ್ಲಿ ಇಲ್ಲದ ಕಡತ ಸಿಕ್ಕಿದರೆ, ಅಥವಾ ಪರವಾನಗಿ ಮುಗಿಯಲು ಆರು ತಿಂಗಳು ಉಳಿದಿದ್ದರೆ, ಸಾಧನವು ತಾನೇ ಎಚ್ಚರಿಸುವಂತೆ ಏರ್ಪಡಿಸುವುದು ಕಷ್ಟವಲ್ಲ.

ಈಚೆಗೆ ಈ ವಹಿಗೆ ಇನ್ನೊಂದು ಕಾಲಂ ಸೇರಿದೆ. ಯಂತ್ರದಿಂದ ಸೃಷ್ಟಿಸಿದ ಧ್ವನಿಯನ್ನು ಬಳಸಿದ್ದರೆ ಅದನ್ನು ಘೋಷಿಸಬೇಕೆಂಬ ನಿಯಮವನ್ನು ಸ್ಟೀಮ್ ಮಳಿಗೆಯನ್ನು ನಡೆಸುವ ವಾಲ್ವ್ ಸಂಸ್ಥೆಯು 2024ರ ಜನವರಿಯಲ್ಲಿ, ಕೃತಕ ಬುದ್ಧಿಮತ್ತೆಯ ಇತರ ಬಳಕೆಗಳೊಡನೆ ಸೇರಿಸಿ ಪ್ರಕಟಿಸಿತು. ಮಾತು ಮನುಷ್ಯನದೋ ಯಂತ್ರದ್ದೋ ಎಂಬುದು ಕೇಳಿದರೆ ತಿಳಿಯದ ಕಾಲದಲ್ಲಿ, ಕಡತ ಬಂದ ದಿನವೇ ಪೂರೈಕೆದಾರನಿಂದ ಬರೆಸಿಕೊಳ್ಳದಿದ್ದರೆ ಆಮೇಲೆ ಘೋಷಿಸುವುದಾದರೂ ಹೇಗೆ?

ಬೆಂಗಳೂರಿಗೆ ಈ ಉದ್ಯಮ ಹೊಸದಲ್ಲ. 1997ರಲ್ಲಿ ಇಲ್ಲಿ ಆರಂಭವಾದ ಧ್ರುವ ಇಂಟರ್‌ಆ್ಯಕ್ಟಿವ್ ವಿದೇಶಿ ಆಟಗಳಿಗೆ ಬಿಡಿಭಾಗಗಳನ್ನು ತಯಾರಿಸಿಕೊಟ್ಟು ಹೆಸರು ಗಳಿಸಿತು. 2019ರಲ್ಲಿ ರಾಕ್‌ಸ್ಟಾರ್ ಸಂಸ್ಥೆ ಅದನ್ನು ಕೊಂಡಿತು. ಅನಿಮೇಷನ್ ಮತ್ತು ಆಟಗಳ ಕ್ಷೇತ್ರಕ್ಕೆಂದು ರಾಜ್ಯ ಸರ್ಕಾರ 2012ರಲ್ಲಿಯೇ ಪ್ರತ್ಯೇಕ ನೀತಿಯನ್ನು ಪ್ರಕಟಿಸಿತ್ತು. ಹೊರಗಿನ ಸಂಸ್ಥೆಗಳಿಗೆ ಧ್ವನಿ ಒದಗಿಸಬಯಸುವ ಸಣ್ಣ ಧ್ವನಿಮುದ್ರಣ ಘಟಕಗಳು ಖರೀದಿ ಆದೇಶದೊಡನೆ ಕೊಳ್ಳುವವರ ತಪಾಸಣಾ ನಿಯಮಗಳನ್ನೂ ಕೇಳಿ ಪಡೆಯಬೇಕು. ಅಳತೆಯ ದರ, ಬಿಟ್, ಚಾನಲ್, ಜೋರಿನ ಮಟ್ಟ, ಮೊದಲ ಮತ್ತು ಕೊನೆಯ ಮೌನದ ಮಿತಿ, ಕಡತಕ್ಕೆ ಹೆಸರಿಡುವ ಕ್ರಮ ಇಷ್ಟನ್ನು ಒಂದೆರಡು ಪುಟಗಳಲ್ಲಿ ಬರೆಯಬಹುದು. ಅದೇ ಪರೀಕ್ಷೆಯನ್ನು ರವಾನೆಗೆ ಮುನ್ನ ತಮ್ಮಲ್ಲಿಯೇ ನಡೆಸಿ, ಫಲಿತಾಂಶದ ಪಟ್ಟಿಯನ್ನೂ ಹ್ಯಾಶ್ ಮೊತ್ತಗಳನ್ನೂ ಬೀಜಕದ ಜೊತೆಗೆ ಕಳುಹಿಸಿದರೆ, ಕಡತ ಯಾರ ಕೈಯಲ್ಲಿ ಕೆಟ್ಟಿತು ಎಂಬ ವಾದದಲ್ಲಿ ಹಣ ಬಾಕಿ ಉಳಿಯುವ ಪ್ರಸಂಗ ತಪ್ಪುತ್ತದೆ. ಮರುರವಾನೆಗೆ ಎಷ್ಟು ದಿನಗಳ ಕಾಲಾವಕಾಶ, ಆಕ್ಷೇಪ ಎತ್ತಲು ಕೊಳ್ಳುವವರಿಗೆ ಎಷ್ಟು ದಿನ ಎಂಬುದನ್ನು ಕರಾರಿನಲ್ಲಿ ಮೊದಲೇ ನಮೂದಿಸಿಕೊಳ್ಳಬೇಕು.